ದಿನದ ಸಂತರು, ದಿನದ ವಾಚನ ಎರಡನ್ನೂ ಒಟ್ಟಿಗೆ ಪ್ರಾರ್ಥನೆಗೆ ತರೋದು ಹೇಗೆ?

ತೋಟದಮನೆ_ಮೂಡಿಗೆರೆ

ಎಲ್ರಿಗೂ ನಮಸ್ಕಾರ. ನಮ್ಮನೆ ಇರೋದು ಮೂಡಿಗೆರೆ ಕಡೆ ತೋಟದಲ್ಲಿ, ಚರ್ಚ್ ದೂರ, ಭಾನುವಾರ ಬಿಟ್ರೆ ಪೂಜೆಗೆ ಹೋಗಕ್ಕಾಗಲ್ಲ, ಕಾಫಿ ಕೊಯ್ಲು ಶುರುವಾದ್ರಂತೂ ಬೆಳಿಗ್ಗೆ ಕೆಲಸದವರು ಬರೋ ಮುಂಚೆ ಸಿಗೋ ಸ್ವಲ್ಪ ಹೊತ್ತೇ ಪ್ರಾರ್ಥನೆಗೆ. ನಮ್ಮ ಅತ್ತೆ ಇದ್ದಾಗ ಕ್ಯಾಲೆಂಡರ್ ನೋಡಿ ಇವತ್ತು ಇಂಥ ಸಂತರ ಹಬ್ಬ ಅಂತ ಹೇಳಿ ಸಂಜೆ ಜಪಸರ ಆದ್ಮೇಲೆ ಅವರ ಹೆಸರು ಹಿಡಿದು ಬೇಡ್ಕೊಳ್ಳೋರು, ಅದನ್ನ ನಾನೂ ಮುಂದುವರಿಸ್ಬೇಕು ಅಂತ ತುಂಬಾ ಆಸೆ. ಮೊಬೈಲಲ್ಲಿ ದಿನದ ವಾಚನ (ಅವತ್ತಿನ ಪೂಜೆಲಿ ಓದೋ ಬೈಬಲ್ ಭಾಗಗಳು) ಓದ್ತೀನಿ, ಸಂತರ ಜೀವನನೂ ಓದ್ತೀನಿ, ಆದ್ರೆ ಒಂದಕ್ಕೊಂದು ಸಂಬಂಧನೇ ಕಾಣಲ್ಲ. ಸಂತ ಅಗಸ್ಟೀನರ ದಿನ ಶುಭಸಂದೇಶ (ಯೇಸುವಿನ ಬದುಕು ಹೇಳೋ ಭಾಗ) ಇನ್ಯಾವುದೋ ವಿಷಯ ಹೇಳ್ತಿರುತ್ತೆ. ನೀವೆಲ್ಲ ಹೇಗೆ ಮಾಡ್ತೀರ? ಮಕ್ಕಳನ್ನೂ ಕೂರಿಸ್ಕೋಬೇಕು.

ಹಾಸನ_ಟೀಚರ್

ಸಂಬಂಧ ಕಾಣದೇ ಇರೋದಕ್ಕೆ ಕಾರಣ ಇದೆ ಅಮ್ಮ. ವಾರದ ದಿನಗಳ ಶುಭಸಂದೇಶ ಒಂದು ಕ್ರಮದಲ್ಲಿ ಸಾಗುತ್ತೆ, ಸಾಧಾರಣ ಕಾಲದಲ್ಲಿ (ಕ್ರಿಸ್ಮಸ್, ಈಸ್ಟರ್ ಕಾಲಗಳು ಬಿಟ್ಟು ಉಳಿದ ವಾರಗಳು) ಮೊದಲು ಮಾರ್ಕ, ಆಮೇಲೆ ಮತ್ತಾಯ, ಕೊನೆಗೆ ಲೂಕ, ಇದು ಪ್ರತಿ ವರ್ಷನೂ ಅದೇ. ಮೊದಲನೇ ವಾಚನ ಮಾತ್ರ ಬೆಸ ವರ್ಷಕ್ಕೆ ಒಂದು, ಸಮ ವರ್ಷಕ್ಕೆ ಇನ್ನೊಂದು. ಸಂತರ ಸ್ಮರಣೆ (ಸಣ್ಣ ಹಬ್ಬ) ಬಂದ್ರೂ ಸಾಮಾನ್ಯವಾಗಿ ಈ ಓಟ ನಿಲ್ಲಲ್ಲ. ಆದ್ರೆ ದೊಡ್ಡ ಹಬ್ಬಗಳಿಗೆ ಅವುಗಳದೇ ವಾಚನ ಇರುತ್ತೆ: ಜುಲೈ 3 ತೋಮಾಸರ ಹಬ್ಬಕ್ಕೆ ಯೊವಾನ್ನ 20ರಲ್ಲಿ ಅವರು ಗಾಯ ಮುಟ್ಟಿ ನೋಡ್ಬೇಕು ಅಂದ ಭಾಗ, ಜುಲೈ 22 ಮಗ್ದಲದ ಮರಿಯಳಿಗೆ ಅದೇ ಅಧ್ಯಾಯದಲ್ಲಿ ಸಮಾಧಿ ಹತ್ರ ಅಳ್ತಾ ನಿಂತಿದ್ದು. ಈ ಹಬ್ಬಗಳಿಂದ ಶುರು ಮಾಡಿ, ದಿನಾ ಎಲ್ಲ ಸಂತರನ್ನೂ ಹಿಡಿಯಕ್ಕೆ ಹೋದ್ರೆ ಬೇಗ ಸುಸ್ತಾಗುತ್ತೆ.

ಸಕಲೇಶಪುರ_ಜಪಸರ

ಟೀಚರ್ ಹೇಳಿದ್ದು ಸರಿ, ಆದ್ರೆ ಸಣ್ಣ ಸ್ಮರಣೆ ದಿನಗಳನ್ನ ಬಿಟ್ಟುಬಿಡೋದು ನನಗೆ ಮನಸ್ಸು ಒಪ್ಪಲ್ಲ. ನಾನು ಮಾಡೋದು ಏನಂದ್ರೆ, ಆ ಸಂತರ ಬದುಕು ತಿರುಗಿಸಿದ ಬೈಬಲ್ ವಚನ ಯಾವುದು ಅಂತ ಹುಡುಕಿ ಅದನ್ನೇ ಓದ್ತೀನಿ. ನೀವು ಕೇಳಿದ ಅಗಸ್ಟೀನರನ್ನೇ ತಗೊಳ್ಳಿ, 386ರಲ್ಲಿ ಮಿಲಾನ್‌ನಲ್ಲಿ ತೋಟದಲ್ಲಿ ಅಳ್ತಾ ಕೂತಿದ್ದಾಗ ಮಗುವಿನ ದನಿ "ತಗೊಂಡು ಓದು" ಅಂದಹಾಗೆ ಕೇಳಿಸ್ತು, ತೆಗೆದು ನೋಡಿದ್ರೆ ರೋಮನರಿಗೆ 13:13-14, ಅಲ್ಲಿಂದ ಅವರು ಹಿಂದಿರುಗಿ ನೋಡ್ಲಿಲ್ಲ. ಅವರ ಹಬ್ಬದ ಹಿಂದಿನ ದಿನ ಆಗಸ್ಟ್ 27 ಅವರ ತಾಯಿ ಮೋನಿಕಳದ್ದು, ಮಗನಿಗೋಸ್ಕರ ವರ್ಷಗಟ್ಟಲೆ ಕಣ್ಣೀರಿಟ್ಟ ತಾಯಿ, ಎರಡು ದಿನ ಸೇರಿಸಿ ಓದಿದ್ರೆ ತಾಯಂದಿರಿಗೆ ಎಷ್ಟು ಧೈರ್ಯ ಬರುತ್ತೆ. ಜನವರಿ 17 ಈಜಿಪ್ಟಿನ ಅಂತೋಣಿ (ನಮ್ಮ ಪಾದುವಾದ ಅಂತೋಣಿ ಬೇರೆ, ಅವರದ್ದು ಜೂನ್ 13), ತಂದೆತಾಯಿ ತೀರ್ಕೊಂಡ್ಮೇಲೆ ಚರ್ಚಿಗೆ ಹೋದಾಗ ಮತ್ತಾಯ 19:21 ಓದ್ತಿದ್ರು, ಇರೋದನ್ನೆಲ್ಲ ಮಾರಿ ಬಡವರಿಗೆ ಕೊಡು ಅಂತ, ಅದು ತನಗೇ ಹೇಳಿದ್ದು ಅಂದ್ಕೊಂಡು ಹಾಗೇ ಮಾಡಿದ್ರು. ಅಕ್ಟೋಬರ್ 1 ಪುಟ್ಟ ತೆರೇಸಾ, ತನ್ನ ಕರೆ ಯಾವುದು ಅಂತ ಹುಡುಕ್ತಾ 1 ಕೊರಿಂಥಿಯರಿಗೆ 12, 13ನೇ ಅಧ್ಯಾಯ ಓದಿದಾಗ ಪ್ರೀತಿಯೇ ನನ್ನ ಕರೆ ಅಂತ ಕಂಡ್ಕೊಂಡ್ಳು, 24 ವರ್ಷಕ್ಕೇ ತೀರ್ಕೊಂಡ್ಳು ಪಾಪ. ಹೀಗೆ ನೋಡಿದ್ರೆ ಸಂತರೂ ನಮ್ಮ ಹಾಗೇ ಬೈಬಲ್ ತೆರೆದು ಕೂತವರು ಅಂತ ಅನ್ಸುತ್ತೆ, ಓದಿದ್ದನ್ನ ಪೂರ್ತಿ ನಂಬಿದ್ರು ಅಷ್ಟೇ.

ಚಿಕ್ಕಮಗಳೂರು_ಕಾಯರ್

ಮಕ್ಕಳಿಗೆ ಮಾತ್ರ ವಚನ ಮೊದಲು ಬೇಡ ಅಕ್ಕ, ಕಥೆ ಮೊದಲು. ಅವರ ಹೆಸರಿನ ಸಂತರ ಹಬ್ಬ ಕ್ಯಾಲೆಂಡರಲ್ಲಿ ಗುರುತು ಹಾಕಿ, ಅವತ್ತು ಆ ಮಗುನೇ ಮೇಣದಬತ್ತಿ ಹಚ್ಚಿ ವಾಚನ ಓದ್ಲಿ. ಮತ್ತೆ ಸೆಪ್ಟೆಂಬರ್ 8, ನಮ್ಮ ಕೊಂಕಣಿ ಮನೆಗಳಲ್ಲಿ ಮೊಂತಿ ಹಬ್ಬ, ಅಂದ್ರೆ ಮರಿಯಮ್ಮನವರ ಹುಟ್ಟುಹಬ್ಬ, ಒಂಬತ್ತು ದಿನ ನೊವೇನಾ, ಮಕ್ಕಳು ಮಾತೆಗೆ ಹೂ ಹಾಕೋದು, ಆಶೀರ್ವಾದ ಮಾಡಿಸಿದ ತೆನೆ ತಂದು ಹೊಸ ಅಕ್ಕಿ ಊಟ, ಅವತ್ತು ಮೀನು ಮಾಂಸ ಇಲ್ಲ. ಅದೇ ದಿನದ ಶುಭಸಂದೇಶ ಮತ್ತಾಯ 1, ಅಬ್ರಹಾಮನಿಂದ ಮರಿಯಮ್ಮನವರ ಗಂಡ ಜೋಸೆಫರ ತನಕ ವಂಶಾವಳಿ. ಬರೀ ಹೆಸರು ಅಂತ ಜನ ಬೇಗ ಬೇಗ ಓದಿ ಮುಗಿಸ್ತಾರೆ, ಹಾಗೆ ಮಾಡ್ಬೇಡಿ ದಯವಿಟ್ಟು, ಅದರೊಳಗೆ ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ ಅಂತ ಮರಿಯಮ್ಮನವರಿಗಿಂತ ಮುಂಚೆ ನಾಲ್ಕು ಹೆಂಗಸರು ಬರ್ತಾರೆ, ಒಬ್ಬೊಬ್ಬರದ್ದೂ ಕಷ್ಟದ ಬದುಕು. ಮನೆಯವರೆಲ್ಲ ಊಟಕ್ಕೆ ಕೂತಾಗ ಅದನ್ನ ನಿಧಾನಕ್ಕೆ ಓದಿ, ಆಮೇಲೆ ನಿಮ್ಮ ಅತ್ತೆ, ಅವರ ಅತ್ತೆ, ತೀರ್ಕೊಂಡ ಹಿರಿಯರ ಹೆಸರೂ ಹೇಳಿ ಪ್ರಾರ್ಥನೆ ಮಾಡಿ.

ತೋಟದಮನೆ_ಮೂಡಿಗೆರೆ

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಹಿರಿಯರ ಹೆಸರು ಹೇಳೋದು ಕೇಳಿ ಕಣ್ಣು ತುಂಬಿ ಬಂತು. ಇನ್ನೊಂದು ಕೇಳ್ಬೇಕಿತ್ತು, ನಮ್ಮೆಜಮಾನ್ರ ಹೆಸರು ಜೋಸೆಫ್, ಮಾರ್ಚ್ 19 ಭಾನುವಾರ ಬಂದ್ರೆ ಹಬ್ಬ ಯಾವತ್ತು ಮಾಡೋದು?

ಹಾಸನ_ಟೀಚರ್

ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಭಾನುವಾರವನ್ನ ಬದಿಗಿಡೋ ಹಾಗಿಲ್ಲ, ಅದಕ್ಕೆ ಜೋಸೆಫರ ಮಹೋತ್ಸವ ಸಾಮಾನ್ಯವಾಗಿ ಸೋಮವಾರಕ್ಕೆ ಹೋಗುತ್ತೆ, 2023ರಲ್ಲಿ ಹಾಗೇ ಆಗಿ 20ಕ್ಕೆ ಬಂದಿತ್ತು. ಸಣ್ಣ ಸ್ಮರಣೆಗಳು ಭಾನುವಾರ ಬಿದ್ರೆ ಆ ವರ್ಷಕ್ಕೆ ಬಿಟ್ಟೇ ಹೋಗುತ್ತೆ, ಮನೇಲಿ ನೀವು ನೆನೆಸ್ಕೊಳ್ಳೋದಕ್ಕೆ ಏನೂ ಅಡ್ಡಿ ಇಲ್ಲ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಕೆಥೆಡ್ರಲ್, ಅಂದ್ರೆ ಬಿಷಪರ ಚರ್ಚ್ ಕೂಡ ಜೋಸೆಫರದ್ದೇ ಅಲ್ವಾ, ಹಾಸನ ಜಿಲ್ಲೆಯವರಾದ ನಾವೂ 1963ರಿಂದ ಅದಕ್ಕೇ ಸೇರಿದವರು. ಶುಭಸಂದೇಶಗಳಲ್ಲಿ ಜೋಸೆಫರು ಆಡಿದ ಒಂದು ಮಾತೂ ಇಲ್ಲ, ಮತ್ತಾಯ 1:24 ನೋಡಿ, ಎದ್ದು ದೂತ ಹೇಳಿದ ಹಾಗೆ ಮಾಡಿದ್ರು ಅಂತ ಮಾತ್ರ ಇದೆ, ಯಜಮಾನ್ರ ಕೈಲೇ ಓದಿಸಿ. ಮೇ 1 ಕೂಡ ಅವರದ್ದೇ, ಕಾರ್ಮಿಕ ಸಂತ ಜೋಸೆಫ್ ಅಂತ 1955ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಶುರು ಮಾಡಿದ್ದು, ಅವತ್ತಿನ ವಾಚನ ಮತ್ತಾಯ 13:54-58, ಯೇಸುವನ್ನ ಬಡಗಿಯ ಮಗ ಅಂತ ಊರವರು ಹಗುರ ಮಾಡಿದ ಭಾಗ. ತೋಟದ ಕೆಲಸದವರ ಲೈನ್‌ಮನೆಗಳಲ್ಲಿ ನಮ್ಮ ಸಭೆಯವರಿದ್ರೆ ಅವತ್ತು ಅವರನ್ನೂ ಮನೆಗೆ ಕರೆದು ಒಟ್ಟಿಗೆ ಪ್ರಾರ್ಥನೆ ಮಾಡಿ, ಊಟ ಹಾಕಿ ಕಳಿಸಿ.