ತಮ್ಮ ಸೆಂಡೈಗೆ ಹೊರಟಿದ್ದಾನೆ, ಫುಕುಶಿಮಾ ವಿಕಿರಣದ ಭಯ ಎಷ್ಟು ನಿಜ?

ಶ್ರುತಿ:
ನನ್ನ ತಮ್ಮನಿಗೆ ಜಪಾನಿನ ಸೆಂಡೈಯಲ್ಲಿ ಓದಲು ಸೀಟು ಸಿಕ್ಕಿದೆ. ಅವನು ಖುಷಿಯಲ್ಲಿದ್ದಾನೆ, ಅಮ್ಮನಿಗೆ ಮಾತ್ರ ನಿದ್ದೆ ಇಲ್ಲ. ಫುಕುಶಿಮಾ ಅಣುಸ್ಥಾವರದಿಂದ ಸೆಂಡೈಗೆ ನೂರು ಕಿಲೋಮೀಟರೂ ಇಲ್ಲ ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ನಕ್ಷೆ ಬಂದಿದೆ. ಜಪಾನಿನ ದಡದಿಂದ ಕೆಂಪು, ಹಳದಿ ಬಣ್ಣ ಹೊರಟು ಇಡೀ ಪೆಸಿಫಿಕ್ ಸಾಗರವನ್ನು ಮುಚ್ಚಿದೆ. "ವಿಕಿರಣ ಹರಡಿದ ಪರಿ" ಅಂತ ಕೆಳಗೆ ಬರೆದಿದ್ದಾರೆ. ಅಲ್ಲಿನ ನೀರು, ಅಕ್ಕಿ, ಮೀನು ತಿಂದರೆ ಏನಾಗುತ್ತದೆ? ಅಮ್ಮನಿಗೆ "ಏನೂ ಆಗಲ್ಲ" ಅಂತ ಸುಮ್ನೆ ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ನಿಜ ಏನು ಅಂತ ಗೊತ್ತಿರುವವರು ಹೇಳಿ.

ರಘು:
ಆ ನಕ್ಷೆ ವಿಕಿರಣದ್ದಲ್ಲ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ಮಾಡಿದ್ದು. ಫುಕುಶಿಮಾ ಸ್ಥಾವರ ಹಾಳಾಗಿ ವಿಕಿರಣ ಹೊರಬೀಳಲು ಕಾರಣವಾದ 2011ರ ಮಾರ್ಚ್ 11ರ ಸುನಾಮಿಯಲ್ಲಿ ಎಲ್ಲೆಲ್ಲಿ ಅಲೆ ಎಷ್ಟು ಎತ್ತರ ಎದ್ದಿತು ಅಂತ ತೋರಿಸುತ್ತದೆ. ಮೂಲ ನಕ್ಷೆಯ ಪಕ್ಕದ ಬಣ್ಣದ ಪಟ್ಟಿಯಲ್ಲಿ ಸೆಂಟಿಮೀಟರ್ ಲೆಕ್ಕ ಇದೆ. ವಿಕಿರಣವನ್ನು ಯಾರೂ ಸೆಂಟಿಮೀಟರಿನಲ್ಲಿ ಅಳೆಯುವುದಿಲ್ಲ. ಅಮ್ಮನಿಗೆ ಮೊದಲು ಅದನ್ನು ತೋರಿಸಿ.

ವೀಣಾ:
ಶ್ರುತಿ, ನಿಮ್ಮ ಅಮ್ಮನ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2011ರ ಮಾರ್ಚಿನಲ್ಲಿ ನಾನು ಟೋಕಿಯೊದಲ್ಲಿದ್ದೆ, ಬಾಟಲಿ ಹಾಲು ಕುಡಿಯುವ ಮಗಳಿದ್ದಳು. ಮಾರ್ಚ್ 23ರಂದು ನಗರದ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಸ್ಥಾವರದಿಂದ ಬಂದ, ವಿಕಿರಣ ಸೂಸುವ ಅಯೋಡಿನ್-131 ಕಿಲೋಗೆ 210 ಬೆಕರೆಲ್ ಸಿಕ್ಕಿದೆ ಅಂತ ಪ್ರಕಟಿಸಿದರು. ಸೆಕೆಂಡಿಗೆ ಒಂದು ಪರಮಾಣು ಒಡೆದು ವಿಕಿರಣ ಸೂಸಿದರೆ ಅದು ಒಂದು ಬೆಕರೆಲ್. ದೊಡ್ಡವರಿಗೆ ಮಿತಿ 300, ಹಸುಗೂಸುಗಳಿಗೆ 100. ಹಾಲಿನ ಪುಡಿ ಕಲಸಲು ನಲ್ಲಿ ನೀರು ಬೇಡ ಅಂದರು. ಸಂಜೆಯೊಳಗೆ ಅಂಗಡಿಗಳಲ್ಲಿ ಬಾಟಲಿ ನೀರು ಖಾಲಿ. ನಗರಾಡಳಿತವೇ ಎಳೆಮಕ್ಕಳಿರುವ ಮನೆಗಳಿಗೆ ನೀರು ಹಂಚಿತು. ಮರುದಿನ ಅಳತೆ 100ರ ಕೆಳಗೆ ಬಂತು, ಆ ಸೂಚನೆ ಹಿಂತೆಗೆದರು. ಆದರೂ ಎಷ್ಟೋ ದಿನ ನಲ್ಲಿ ತಿರುಗಿಸಲು ನನಗೆ ಕೈ ಬರುತ್ತಿರಲಿಲ್ಲ.

ಆಮೇಲೆ ನಾನು ಓದಲು ಶುರು ಮಾಡಿದೆ. ಆಗ ತಿಳಿದದ್ದು, "ವಿಕಿರಣ ಇದೆಯಾ ಇಲ್ಲವಾ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ವಸ್ತು, ಎಷ್ಟು, ಯಾವಾಗ ಅಂತ ಕೇಳಬೇಕು. ಅಯೋಡಿನ್-131 ಎಂಟು ದಿನಕ್ಕೆ ಅರ್ಧ ಆಗುತ್ತದೆ, ಇನ್ನೆಂಟು ದಿನಕ್ಕೆ ಅದರ ಅರ್ಧ. ಆ ದಿನಗಳ ಅಯೋಡಿನ್ ಅದೇ ವರ್ಷವೇ ಮುಗಿದುಹೋಯಿತು. ಹೊರಬಿದ್ದ ಇನ್ನೊಂದು ವಸ್ತು ಸೀಸಿಯಂ. ಅದರಲ್ಲಿ ಸೀಸಿಯಂ-134 ಅರ್ಧ ಆಗಲು ಎರಡು ವರ್ಷ. ಉಳಿದಿರುವುದು ಮುಖ್ಯವಾಗಿ ಸೀಸಿಯಂ-137, ಅದಕ್ಕೆ 30 ವರ್ಷ ಬೇಕು. ಅದು ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಬಿದ್ದ ಜಾಗದಲ್ಲೇ ಜಾಸ್ತಿ ಉಳಿಯುತ್ತದೆ.

ಎಲ್ಲಿ ಬಿತ್ತು ಅನ್ನುವುದು ದೂರದ ಲೆಕ್ಕವಲ್ಲ, ಗಾಳಿ ಮಳೆಯ ಲೆಕ್ಕ. ಹೊರಬಿದ್ದದ್ದರಲ್ಲಿ ಬಹುಪಾಲು ಗಾಳಿಯ ಜೊತೆ ಸಮುದ್ರದ ಕಡೆ ಹೋಯಿತು. ಆದರೆ ಮಾರ್ಚ್ 15ರಂದು ಗಾಳಿ ವಾಯವ್ಯಕ್ಕೆ ತಿರುಗಿತು, ಮಳೆ ಮತ್ತು ಹಿಮ ಬಿತ್ತು. ಇಟಾಟೆ ಅನ್ನುವ ಹಳ್ಳಿ 20 ಕಿಲೋಮೀಟರ್ ತೆರವು ವಲಯದ ಆಚೆ ಇತ್ತು, ಬಹುಪಾಲು 30ರ ಆಚೆಯೂ. ಆದರೂ ಅಲ್ಲಿ ಸೀಸಿಯಂ ಜೋರಾಗಿ ಬಿತ್ತು. ಊರು ಖಾಲಿ ಮಾಡಿ ಅಂತ ಹೇಳಿದ್ದು ಏಪ್ರಿಲ್‌ನಲ್ಲಿ. ಉತ್ತರಕ್ಕಿರುವ ಸೆಂಡೈ ಆ ದಾರಿಯಲ್ಲಿ ಸಿಗಲಿಲ್ಲ. ನಿಮ್ಮ ಅಮ್ಮನಿಗೆ ಕಿಲೋಮೀಟರ್ ಹೇಳಬೇಡಿ, ಈ ಗಾಳಿಯ ಕಥೆ ಹೇಳಿ.

ಇನ್ನೊಂದು ಮಾತು. ಫುಕುಶಿಮಾ ಪ್ರಾಂತ್ಯದಲ್ಲಿ ಮನೆ ಬಿಟ್ಟು ಅಲೆದಾಟ, ಚಿಕಿತ್ಸೆ ತಪ್ಪಿದ್ದು, ಮನಸ್ಸಿನ ನೋವು ಇಂಥವುಗಳಿಂದ ಸತ್ತವರು ಅಂತ ಅಧಿಕೃತವಾಗಿ ಗುರುತಿಸಿದ ಸಂಖ್ಯೆ 2,300ಕ್ಕೂ ಹೆಚ್ಚು. ಬಹುತೇಕ ವಯಸ್ಸಾದವರು. ಸ್ಥಾವರದ ಹತ್ತಿರದ ಒಂದೇ ಆಸ್ಪತ್ರೆಯ ಹತ್ತಾರು ರೋಗಿಗಳು ಬಸ್ಸಿನಲ್ಲಿ, ಆಶ್ರಯ ಶಿಬಿರದಲ್ಲಿ ಜೀವ ಬಿಟ್ಟರು. ಅಲ್ಲಿಂದ ಯೋಕೊಹಾಮಾಗೆ ಬಂದ ಒಬ್ಬ ಹುಡುಗನನ್ನು ಶಾಲೆಯ ಮಕ್ಕಳು "ರೋಗಾಣು" ಅಂತ ಕರೆದು ಪೀಡಿಸಿದ ಸುದ್ದಿ 2016ರಲ್ಲಿ ಬಂತು. ಆ ಮಗು ಯಾರಿಗೂ ಏನೂ ಅಂಟಿಸುತ್ತಿರಲಿಲ್ಲ. ಆ ಸುದ್ದಿ ಓದಿದಾಗ ನನ್ನ ಮಗಳೂ ಶಾಲೆಗೆ ಹೋಗುತ್ತಿದ್ದಳು. ತುಂಬಾ ಸಂಕಟವಾಯಿತು.

ಮಹೇಶ:
ವೀಣಾ ಅವರೇ, ಎಲ್ಲಾ ಸರಿ. ಆದರೆ ಈ ಅಂಕಿಗಳನ್ನು ಕೊಡುವವರು ಯಾರು? ರಿಯಾಕ್ಟರಿನ ಇಂಧನ ಕರಗಿದೆ ಅಂತ ಫುಕುಶಿಮಾ ಸ್ಥಾವರ ನಡೆಸುವ ಟೆಪ್ಕೊ ಕಂಪನಿ ಒಪ್ಪಿಕೊಂಡಿದ್ದೇ 2011ರ ಮೇ ತಿಂಗಳಲ್ಲಿ. "ಮೆಲ್ಟ್‌ಡೌನ್" ಅನ್ನುವ ಪದ ಬಳಸಬೇಡಿ ಅಂತ ಆಗ ಮೇಲಿನಿಂದ ಸೂಚನೆ ಇತ್ತು ಅನ್ನುವುದು 2016ರಲ್ಲಿ ಹೊರಬಂತು. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ 1986ರ ಏಪ್ರಿಲ್ 26ಕ್ಕೆ ಸ್ಫೋಟವಾಯಿತು. ಹೊರಜಗತ್ತಿಗೆ ಸುಳಿವು ಸಿಕ್ಕಿದ್ದು 28ಕ್ಕೆ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಕೆಲಸಗಾರನ ಬೂಟಿನಲ್ಲಿ ವಿಕಿರಣ ಕಂಡಾಗ. ಈಗ ಫುಕುಶಿಮಾ ಸ್ಥಾವರದ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ. ಜನ ಹೆದರದೆ ಇರುತ್ತಾರಾ?

ವೀಣಾ:
ಮಹೇಶ್ ಅವರೇ, ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಇನ್ನೂ ಒಂದು ಸೇರಿಸುತ್ತೇನೆ. ಸ್ಥಾವರದ ಹತ್ತಿರದ ನಾಮಿಯೆ ಊರಿನ ಜನ ಜೀವ ಉಳಿಸಿಕೊಳ್ಳಲು ತ್ಸುಶಿಮಾ ಅನ್ನುವ ಕಡೆ ಹೋದರು. ವಿಕಿರಣದ ಮೋಡವೂ ಅದೇ ಕಡೆ ಬಂತು. ಅದು ಎತ್ತ ಹೋಗಬಹುದು ಅನ್ನುವ ಕಂಪ್ಯೂಟರ್ ಲೆಕ್ಕ ಸರ್ಕಾರದ ಕೈಯಲ್ಲಿತ್ತು, ಆ ಜನರಿಗೆ ತಲುಪಲಿಲ್ಲ. ಇದನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ. ಚೆರ್ನೋಬಿಲ್ ಸುತ್ತಲೂ ಮಕ್ಕಳು ಅಯೋಡಿನ್-131 ಸೇರಿದ ಹಾಲು ಕುಡಿದರು, ತಡೆಯಬೇಕಾದವರು ಸಮಯಕ್ಕೆ ಸರಿಯಾಗಿ ತಡೆಯಲಿಲ್ಲ. ಸಾವಿರಾರು ಮಕ್ಕಳಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಪೋಲೆಂಡ್ ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ವಿಕಿರಣವಿಲ್ಲದ ಮಾಮೂಲಿ ಅಯೋಡಿನ್ ಕುಡಿಸಿತು. ಅದು ಥೈರಾಯ್ಡ್ ತುಂಬಿಕೊಂಡರೆ ವಿಕಿರಣದ ಅಯೋಡಿನ್‌ಗೆ ಜಾಗ ಸಿಗುವುದಿಲ್ಲ. ಹೇಳಿದ್ದರೆ, ಬೇಗ ಕೊಟ್ಟಿದ್ದರೆ ಎಷ್ಟೋ ಮಕ್ಕಳಿಗೆ ಆ ಕ್ಯಾನ್ಸರ್ ತಪ್ಪುತ್ತಿತ್ತು ಅಲ್ವಾ?

ಅದಕ್ಕೇ ನಾನು ಒಬ್ಬರ ಅಳತೆಯನ್ನೇ ನಂಬುವುದಿಲ್ಲ, ಬೇರೆ ಬೇರೆಯವರ ಅಳತೆ ಹೋಲಿಸಿ ನೋಡುತ್ತೇನೆ. 2011ರಲ್ಲೇ ಸೇಫ್‌ಕಾಸ್ಟ್ ಅಂತ ಒಂದು ಸ್ವಯಂಸೇವಕರ ಗುಂಪು ಹುಟ್ಟಿತು. ಕಾರಿಗೆ ಗೈಗರ್ ಮೀಟರ್ ಕಟ್ಟಿಕೊಂಡು ಬೀದಿ ಬೀದಿ ಅಳೆದರು, ಎಲ್ಲವನ್ನೂ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟರು. ಸಮುದ್ರದ ನೀರನ್ನು ಅಮೆರಿಕದ ವುಡ್ಸ್ ಹೋಲ್ ಸಂಸ್ಥೆ ಅಳೆಯಿತು, ಅದಕ್ಕೆ ಹಣ, ನೀರಿನ ಮಾದರಿ ಕೊಟ್ಟವರಲ್ಲಿ ಸಾಮಾನ್ಯ ಜನ ಇದ್ದರು. 2015ರ ಫೆಬ್ರವರಿಯಲ್ಲಿ ಕೆನಡಾದ ಯುಕ್ಲೂಲೆಟ್ ದಡದ ನೀರಿನಲ್ಲಿ ಸೀಸಿಯಂ-134 ಸಿಕ್ಕಿತು. ಅದು ಬೇಗ ಸವೆಯುವುದರಿಂದ ಹಳೆಯ ಬಾಂಬ್ ಪರೀಕ್ಷೆಗಳದ್ದಾಗಿರಲು ಸಾಧ್ಯವಿಲ್ಲ, ಫುಕುಶಿಮಾದ್ದೇ. ಅಂದರೆ ಸಾಗರ ದಾಟಿ ಬಂದದ್ದು ನಿಜ. ಎಷ್ಟು ಅಂದರೆ, ಒಂದು ಘನ ಮೀಟರ್ ನೀರಿಗೆ, ಅಂದರೆ ಸಾವಿರ ಲೀಟರಿಗೆ, 1.4 ಬೆಕರೆಲ್. ನಮ್ಮೆಲ್ಲರ ಮೈಯಲ್ಲಿ ಹುಟ್ಟಿನಿಂದಲೇ ಇರುವ ಪೊಟ್ಯಾಸಿಯಂನಿಂದ ಸುಮಾರು 4,000 ಬೆಕರೆಲ್ ಇರುತ್ತದೆ.

ಸಂಸ್ಕರಿಸಿದ ನೀರು ಬಿಡಲು ಶುರು ಮಾಡಿದ್ದು 2023ರ ಆಗಸ್ಟ್ 24ಕ್ಕೆ. ಅದರಲ್ಲಿ ತೆಗೆಯಲಾಗದೆ ಉಳಿಯುವುದು ಮುಖ್ಯವಾಗಿ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್. ಬಿಡುವಾಗ ಲೀಟರಿಗೆ 1,500 ಬೆಕರೆಲ್‌ಗಿಂತ ಕಡಿಮೆ ಇರಬೇಕು, ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 10,000. ಆದರೂ ಮೀನುಗಾರರು ವಿರೋಧಿಸಿದ್ದರಲ್ಲಿ ತಪ್ಪಿಲ್ಲ. ನೀರು ಎಷ್ಟೇ ಶುದ್ಧವಿರಲಿ, ಕೊಳ್ಳುವವರು ಹೆದರಿದರೆ ಅವರ ಮೀನು ಕೊಳೆಯುತ್ತದೆ.

ಶ್ರುತಿ:
ವೀಣಾ ಅಕ್ಕ, ತುಂಬಾ ಥ್ಯಾಂಕ್ಸ್. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿದೆ. "ಅವನು ಅಲ್ಲಿ ಏನು ತಿನ್ನಬಾರದು, ಅದನ್ನು ಕೇಳು" ಅಂದರು.

ವೀಣಾ:
ಅಕ್ಕಿ ಧಾರಾಳವಾಗಿ ತಿನ್ನಲಿ. ಫುಕುಶಿಮಾ ಪ್ರಾಂತ್ಯದಲ್ಲಿ 2012ರಿಂದ ವರ್ಷಗಟ್ಟಲೆ ಪ್ರತಿಯೊಂದು ಅಕ್ಕಿ ಚೀಲವನ್ನೂ ಅಳೆದರು. 2015ರ ಬೆಳೆಯಿಂದ ಈಚೆಗೆ ಆ ಪರೀಕ್ಷೆಯಲ್ಲಿ ಒಂದು ಚೀಲವೂ ಕಿಲೋಗೆ 100 ಬೆಕರೆಲ್ ಮಿತಿ ದಾಟಲಿಲ್ಲ. ಅಂಗಡಿಯ ತರಕಾರಿ, ಮೀನಿಗೂ ಅದೇ 100ರ ಮಿತಿ ಇದೆ, ಹಾಲಿಗೆ 50.

ಕಾಡಿನ ವಿಷಯ ಬೇರೆ. ಅಲ್ಲಿ ಸೀಸಿಯಂ ಎಲೆ, ಮಣ್ಣು, ಅಣಬೆ ಅಂತ ಸುತ್ತುತ್ತಲೇ ಇರುತ್ತದೆ. ಬೆಟ್ಟದಲ್ಲಿ ಯಾರಾದರೂ ಕಿತ್ತು ತಂದ ಕಾಡು ಅಣಬೆ, ಬೇಟೆಯಾಡಿದ ಕಾಡುಹಂದಿ ಮಾಂಸ ಕೊಟ್ಟರೆ ಪರೀಕ್ಷೆ ಆಗಿದೆಯಾ ಅಂತ ಕೇಳಲಿ, ಆಗಿಲ್ಲವಾದರೆ ಬೇಡ ಅನ್ನಲಿ. ಸೆಂಡೈಯ ಇವತ್ತಿನ ಅಳತೆಯನ್ನು ಜಪಾನಿನ ಅಣು ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಅಮ್ಮನಿಗೇ ತೋರಿಸಿ, ಇಂಗ್ಲಿಷಿನಲ್ಲೂ ಇದೆ. ಅವನು ಹೋದ ಮೇಲೂ ಅವರೇ ತೆರೆದು ನೋಡಬಹುದು.