ಸಿರಿಂಜ್ ಅದಲುಬದಲಾಗದಂತೆ ತಡೆಯುವುದು ಹೇಗೆ?

ಪ್ರಶ್ನೆ:
ಅರಿವಳಿಕೆ ಟ್ರೇಯಲ್ಲಿ ಆರೇಳು ಸಿರಿಂಜ್ ಒಟ್ಟಿಗೇ ಇರುತ್ತವೆ. ಬಹುತೇಕ ಎಲ್ಲದರಲ್ಲೂ ನೀರಿನಂಥ ದ್ರವ. ಬಣ್ಣದ ಲೇಬಲ್ ಶುರು ಮಾಡಿದ್ದೇವೆ, ಅಷ್ಟು ಸಾಕೇ? ಸ್ಪೈನಲ್ (ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಅರಿವಳಿಕೆ) ಟ್ರೇಗೆ ಬೇರೆ ಎಚ್ಚರಿಕೆ ಬೇಕೇ?

ಉತ್ತರ 1:
ಸಾಕಾಗಲ್ಲ. ಬಣ್ಣ ಹೇಳುವುದು ಔಷಧದ ಗುಂಪನ್ನು ಮಾತ್ರ. ಸಿರಿಂಜ್ ಲೇಬಲ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 26825 ಪ್ರಕಾರ ಸ್ನಾಯು ಸಡಿಲಿಸುವ ಔಷಧಕ್ಕೆ ಕೆಂಪು, ಓಪಿಯಾಯ್ಡ್‌ಗೆ (ಮಾರ್ಫಿನ್‌ನಂಥ ಪ್ರಬಲ ನೋವು ನಿವಾರಕ) ನೀಲಿ, ಬಿಪಿ ಏರಿಸುವುದಕ್ಕೆ ನೇರಳೆ. ಆದರೆ ಫೆಂಟನಿಲ್, ಮಾರ್ಫಿನ್ ಎರಡೂ ನೀಲಿಯೇ! ಹಾಗಾಗಿ ಹೆಸರಿನ ಪಕ್ಕದಲ್ಲೇ ಎಂಎಲ್‌ಗೆ ಎಷ್ಟು ಅನ್ನುವುದು ಇರಲೇಬೇಕು. ಬಿಪಿ ಏರಿಸುವ ಫಿನೈಲ್‌ಎಫ್ರಿನ್ ನೋಡಿ: 10 ಮಿಲಿಗ್ರಾಂನ 1 ಎಂಎಲ್ ಆಂಪೂಲನ್ನು (ಔಷಧದ ಪುಟ್ಟ ಗಾಜಿನ ಸೀಸೆ) 100 ಎಂಎಲ್ ಸಲೈನ್‌ಗೆ ಹಾಕಿದರೆ ಎಂಎಲ್‌ಗೆ ಸುಮಾರು 100 ಮೈಕ್ರೋಗ್ರಾಂ. ಬೆರೆಸದೆ ಹಾಗೇ ಕೊಟ್ಟರೆ ನೂರು ಪಟ್ಟು ಡೋಸ್.

ಒಂದು ಔಷಧ ಎಳೆದು, ಸಿರಿಂಜ್ ಕೈಯಿಂದ ಕೆಳಗಿಡುವ ಮೊದಲೇ ಲೇಬಲ್ ಅಂಟಿಸಿ, ಆಮೇಲೆ ಮುಂದಿನದು. ಖಾಲಿ ಸಿರಿಂಜ್‌ಗಳಿಗೆ ಮೊದಲೇ ಲೇಬಲ್ ಹಚ್ಚಿಡುವ ಅಭ್ಯಾಸ ಬಿಡಿ. ಒಳಗೆ ಬೇರೇನೋ ಹೋದರೂ ಲೇಬಲ್ ನೋಡಿ ನಂಬುತ್ತೇವೆ.

ಉತ್ತರ 2:
ಸ್ಪೈನಲ್‌ನಲ್ಲಿ ನನಗೆ ಅತಿ ಭಯ ರಕ್ತಸ್ರಾವ ತಡೆಯಲು ರಕ್ತನಾಳಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್‌ನದು. ಎಷ್ಟೋ ಕಡೆ ಅದರ ಆಂಪೂಲ್ ಸ್ಪೈನಲ್‌ಗೆ ಬಳಸುವ ಮರಗಟ್ಟಿಸುವ ಔಷಧ ಹೆವಿ ಬುಪಿವಕೇಯ್ನ್‌ನ ಆಂಪೂಲ್‌ನಂತೆಯೇ ಕಾಣುತ್ತದೆ. ಟ್ರಾನೆಕ್ಸಾಮಿಕ್ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ನರಗಳನ್ನು ಶಾಂತವಾಗಿಡುವ ಗಾಬಾ, ಗ್ಲೈಸಿನ್ ರಿಸೆಪ್ಟರ್‌ಗಳನ್ನು ತಡೆದು ನರಗಳನ್ನು ಕೆರಳಿಸುತ್ತದೆ. ಕಾಲು ಮರಗಟ್ಟುವ ಬದಲು ಬೆನ್ನು, ಪೃಷ್ಠದಲ್ಲಿ ತೀವ್ರ ನೋವು, ಕಾಲುಗಳ ಸೆಳೆತ, ಬಳಿಕ ಫಿಟ್ಸ್, ಹೃದಯದ ಲಯ ಏರುಪೇರು. ಜೀವವೇ ಹೋಗಬಹುದು.

ಇದನ್ನು ಅರಿವಳಿಕೆ ಟ್ರಾಲಿಯಲ್ಲಿ ಇಡಲೇಬೇಡಿ, ಬೇರೆ ಕಪಾಟಿರಲಿ. ಸಹಾಯಕರು ಆಂಪೂಲ್ ಹಿಡಿದು ಹೆಸರು, ಪ್ರಮಾಣ, ಎಕ್ಸ್‌ಪೈರಿ ಗಟ್ಟಿಯಾಗಿ ಓದಲಿ. ಎಳೆಯುವವರು ತಾವೂ ಕಣ್ಣಾರೆ ಓದಲಿ. ಸ್ಪೈನಲ್‌ಗೆಂದೇ ಬೇರೆ ಅಳತೆಯಲ್ಲಿ ಮಾಡಿದ ಎನ್‌ಆರ್‌ಫಿಟ್ ಕನೆಕ್ಟರ್ ಒಳ್ಳೆಯದೇ, ಐವಿ (ರಕ್ತನಾಳಕ್ಕೆ ಕೊಡುವ) ಸಿರಿಂಜ್ ಸ್ಪೈನಲ್ ಸೂಜಿಗೆ ಕೂರದಂತೆ ನೋಡಿಕೊಳ್ಳುತ್ತದೆ. ಆದರೆ ತಪ್ಪು ಆಂಪೂಲ್ ಒಡೆದರೆ ಅದರಿಂದ ಏನೂ ಉಪಯೋಗವಿಲ್ಲ.

ಉತ್ತರ 3:
ಒಂದು ವಿಷಯ ಬಿಟ್ಟುಹೋಗಿದೆ. ಆಪರೇಷನ್ ಮುಗಿದ ಮೇಲೆ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಕೊಳವೆ), ಎಕ್ಸ್‌ಟೆನ್ಷನ್ ನಳಿಕೆ, ತ್ರೀ-ವೇ (ಮೂರು ಕವಲಿನ ಕವಾಟ) ಒಳಗೆ ಸ್ನಾಯು ಸಡಿಲಿಸುವ ಔಷಧ ಉಳಿದಿರಬಹುದು. ವಾರ್ಡ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟಾಗ ಆ ಉಳಿದ ಔಷಧ ಒಳಗೆ ನುಗ್ಗಿ ಎಚ್ಚರವಿರುವ ರೋಗಿಯ ಉಸಿರೇ ನಿಲ್ಲುತ್ತದೆ. ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಡ್ರಿಪ್ ಓಡುತ್ತಿದ್ದರೂ ತ್ರೀ-ವೇಯ ಪಕ್ಕದ ಕವಲು ತೊಳೆಯುವುದಿಲ್ಲ, ಅದನ್ನು ಪ್ರತ್ಯೇಕವಾಗಿಯೇ ಸಲೈನ್‌ನಿಂದ ಫ್ಲಶ್ ಮಾಡಬೇಕು. ಡಬ್ಲ್ಯುಎಚ್‌ಒ ಶಸ್ತ್ರಚಿಕಿತ್ಸಾ ಸುರಕ್ಷತಾ ಚೆಕ್‌ಲಿಸ್ಟ್‌ನ ಕೊನೆಯ, ಸೈನ್ ಔಟ್ ಹಂತಕ್ಕೆ "ಎಲ್ಲ ಲೈನ್ ಫ್ಲಶ್ ಆಯಿತೇ?" ಎಂಬ ಒಂದು ಸಾಲು ಸೇರಿಸಿಕೊಳ್ಳಿ.