ಪದ ಬೇಕು, ಇವತ್ತೇ: ಫೋಟೋ ಬಣ್ಣ ಮಾಸುವುದು, ಹರಡುವುದು, ಆಸಿಡ್-ಫ್ರೀ

ಕೋಲಾರದಿಂದ:
ಎಲ್ಲರಿಗೂ ನಮಸ್ಕಾರ. ಕೆಜಿಎಫ್ ಗಣಿ ಕಾಲದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಇಂಕ್‌ಜೆಟ್ ಪ್ರಿಂಟ್ ತೆಗೆದು, ಗಣಿ ಕೆಲಸಗಾರರ ಮನೆಗಳಿಗೆ ಕೊಡುತ್ತಿದ್ದೇವೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರು ಬಿಟ್ಟವರಿಗೂ ಕಳಿಸಬೇಕು. ಪ್ರತಿ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಸೂಚನೆ ಚೀಟಿ. ಸಂಜೆ ಪ್ರೆಸ್‌ಗೆ ಹೋಗಬೇಕು, ಪದ ಸಿಗದೆ ನಿಂತಿದೆ.

ಬೆಳಕಿಗೆ, ಗಾಳಿಯಲ್ಲಿರುವ ಓಝೋನ್‌ಗೆ ಬಣ್ಣ ತೆಳುವಾಗುವುದು ಒಂದು. ತೇವ ಜಾಸ್ತಿಯಾದಾಗ ಡೈ ಇಂಕ್ ಕಾಗದದೊಳಗೇ ಸರಿದು ಅಂಚು ಕಲಸಿಹೋಗುವುದು ಇನ್ನೊಂದು. ಎರಡಕ್ಕೂ ‘ಮಾಸುವುದು’ ಎಂದು ಬರೆದರೆ ಕಷ್ಟ. ಮೊದಲನೆಯದಕ್ಕೆ ಫೋಟೋವನ್ನು ಕತ್ತಲಲ್ಲಿ ಮುಚ್ಚಿಡಬೇಕು, ಎರಡನೆಯದಕ್ಕೆ ತೇವ ತಪ್ಪಿಸಬೇಕು. ಆಮೇಲೆ ಆಸಿಡ್-ಫ್ರೀ ಕಾಗದ. ‘ಆಮ್ಲರಹಿತ’ ಬಿಟ್ಟು ಬೇರೆ ಏನಾದರೂ ಇದೆಯಾ?

ತುಮಕೂರಿನಿಂದ:
‘ಆಮ್ಲರಹಿತ’ ಬೇಡವೇ ಬೇಡ. ‘ಹುಳಿಯಿಲ್ಲದ ಕಾಗದ’. ಇಂಕ್‌ಜೆಟ್‌ಗೆ ‘ಚಿಮ್ಮುಮಸಿ ಅಚ್ಚು’. ಶಾಯಿ ಎಂದು ಮಾತ್ರ ಬರೆಯಬೇಡಿ. ಅದು ಪಾರಸಿಯ ಸಿಯಾಹಿ. ಸಿಯಾಹ್ ಎಂದರೆ ಕಪ್ಪು. ‘ಹಳದಿ ಶಾಯಿ’ ಎಂದರೆ ಹಳದಿ ಕಪ್ಪು ಎಂದಾಯಿತು! ಮಸಿ ಇರುವಾಗ ಸಾಲ ಯಾಕೆ?

ಶಿಡ್ಲಘಟ್ಟದಿಂದ:
ಮಸಿ ಸಂಸ್ಕೃತದಲ್ಲೂ ಇದೆ ಸಾರ್. ಪಾತ್ರೆ ತಳದ ಮಸಿಯೂ ಕಪ್ಪೇ. ‘ಹಳದಿ ಮಸಿ’ ಯಾವ ಲೆಕ್ಕದಲ್ಲಿ ಸರಿಯಾಯಿತು?

ಕೋಲಾರದವರಿಗೆ: ಸೀರೆ ಅಂಗಡಿಗೆ ಹೋಗಿ ಕೇಳಿ, ಪದ ಅಲ್ಲೇ ಇದೆ. ‘ಬಣ್ಣ ಬಿಡುತ್ತಾ?’ ಎಂದರೆ ಒದ್ದೆಯಾದಾಗ ಪಕ್ಕದ ಬಟ್ಟೆಗೆ ಹತ್ತುತ್ತಾ ಎಂದು. ‘ಬಣ್ಣ ಹೋಗುತ್ತಾ?’ ಎಂದರೆ ಬಿಸಿಲಿಗೆ ತೆಳುವಾಗುತ್ತಾ ಎಂದು. ನಿಮ್ಮ ಎರಡು ತೊಂದರೆಗೆ ಎರಡು ಮಾತು.

‘ಮಾಸು’ ಕೈಬಿಡಿ. ಮಾಸಿದ ಪಂಚೆ ಎಂದರೆ ಕೊಳೆಯಾದ ಪಂಚೆ, ಅಲ್ವಾ? ಫೋಟೋ ಮಾಸಿದೆ ಎಂದು ಯಾರಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಡೈ ಇಂಕ್ ಪ್ರಿಂಟ್ ಕಥೆ ಅಲ್ಲಿಗೆ ಮುಗಿಯಿತು.

‘ಹುಳಿಯಿಲ್ಲದ ಕಾಗದ’ ಎಂದರೆ ಹುಳಿ-ಸಾರು ಚೆಲ್ಲದ ಕಾಗದ ಅಂದುಕೊಳ್ಳುತ್ತಾರೆ. ಆಮ್ಲ ಎಂಬುದನ್ನು ಶಾಲೆಯಲ್ಲಿ ಓದಿರುತ್ತಾರೆ. ‘ಆಮ್ಲವಿಲ್ಲದ ಕಾಗದ’ ಸಾಕು.

ತುಮಕೂರಿನಿಂದ:
ಅಂಗಡಿ ಮಾತೆಲ್ಲ ಪಾರಿಭಾಷಿಕ ಪದ ಆಗುವುದಿಲ್ಲ. ‘ಬಣ್ಣ ಬಿಡು’ ಎಂದರೆ ಬಣ್ಣ ಬಳಿಯುವುದನ್ನು ನಿಲ್ಲಿಸು ಎಂದೂ ಆಗುತ್ತದೆ. ನನ್ನ ತಕರಾರು ತತ್ಸಮಗಳ ಮೇಲೆ, ಪಾರಸಿ ಮೇಲೆ. ತದ್ಭವ ನಮ್ಮದೇ.

ಶಿಡ್ಲಘಟ್ಟದಿಂದ:
‘ತಕರಾರು’ ಅರಬ್ಬಿಯಿಂದ ಬಂದದ್ದು. ‘ಕಾಗದ’ ಪಾರಸಿಯಿಂದ. ‘ಪಾರಿಭಾಷಿಕ’ ಅಪ್ಪಟ ತತ್ಸಮ. ಮುಂದುವರಿಸಿ.

ಚಿಂತಾಮಣಿಯಿಂದ:
ನಾನು ಸ್ಟುಡಿಯೋ ಇಟ್ಟವನು. ಪದದ ಜಗಳದಲ್ಲಿ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ. ಡೈ ನೀರಲ್ಲಿ ಕರಗಿರುವ ಬಣ್ಣ. ಪಿಗ್ಮೆಂಟ್ ಎಂದರೆ ಕರಗದ ಸಣ್ಣ ಕಣ, ಅದಕ್ಕೇ ಬೆಳಕಿಗೆ ಜಾಸ್ತಿ ತಡೆಯುತ್ತದೆ. ಎರಡನ್ನೂ ಬರೀ ‘ಬಣ್ಣ’ ಎಂದರೆ ವ್ಯತ್ಯಾಸವೇ ಹೋಯಿತು. ನಾವು ಅಂಗಡಿಯಲ್ಲಿ ಡೈ, ಪಿಗ್ಮೆಂಟ್ ಎಂದೇ ಹೇಳುತ್ತೇವೆ. ಗಿರಾಕಿಗಳಿಗೂ ಗೊತ್ತು. ಚೀಟಿಯಲ್ಲೂ ಹಾಗೇ ಇರಲಿ.

ಕವರ್ ವಿಷಯ ಖಂಡಿತ ಬರೆಯಿರಿ. ಪಿವಿಸಿ ಕವರ್ ಕೂಡದು. ಅದನ್ನು ಮೆತ್ತಗಾಗಿಸಲು ಹಾಕಿದ ರಾಸಾಯನಿಕ ಹೊರಬಂದು ಫೋಟೋಗೆ ಅಂಟುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಬಹುದು. ಪುಟಕ್ಕೇ ಅಂಟು ಇರುವ ಆಲ್ಬಮ್ಮೂ ಬೇಡ. ಹೊಸ ಪ್ರಿಂಟನ್ನು ತಕ್ಷಣ ಕವರ್‌ಗೆ ತುರುಕಬಾರದು. ಇಂಕಿನಲ್ಲಿರುವ ಗ್ಲೈಕಾಲ್ ಆರಲು ಒಂದು ದಿನವಾದರೂ ಬಿಡಬೇಕು. ಫ್ರೇಮ್ ಹಾಕಿದ ಮೇಲೆ ಗಾಜಿನ ಒಳಗೆ ಮಂಜು ಕಟ್ಟಿದ ಹಾಗೆ ಕಾಣುವುದು ಇದರಿಂದಲೇ. ಸುಮ್ನೆ ಪ್ರಿಂಟರ್‌ಗೆ ಬೈತಾರೆ.

ತುಮಕೂರಿನಿಂದ:
‘ಕವರ್’ ಯಾಕೆ? ಹೊದಿಕೆ ಇದೆಯಲ್ಲ.

ಚಿಂತಾಮಣಿಯಿಂದ:
ಹೊದಿಕೆ ಕೊಡಿ ಎಂದು ಕೇಳಿದರೆ ಅಂಗಡಿಯವನು ಕಂಬಳಿ ತೋರಿಸುತ್ತಾನೆ.

ತುಮಕೂರಿನಿಂದ:
ಹೀಗೆ ನಗುತ್ತಾ ನಗುತ್ತಾ ಒಂದೊಂದೇ ಪದ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಉಳಿಯುವುದು ಕ್ರಿಯಾಪದ ಮಾತ್ರ. ‘ಪ್ರಿಂಟ್ ಅನ್ನು ಕವರ್ ಅಲ್ಲಿ ಸ್ಟೋರ್ ಮಾಡಿ.’ ಇದರಲ್ಲಿ ‘ಮಾಡಿ’ ಬಿಟ್ಟು ಏನಿದೆ?

ಶಿಡ್ಲಘಟ್ಟದಿಂದ:
‘ಅನ್ನು’ ಇದೆ, ‘ಅಲ್ಲಿ’ ಇದೆ. ಆದರೂ ಈ ಮಾತು ಒಪ್ಪುತ್ತೇನೆ. ‘ಸ್ಟೋರ್ ಮಾಡಿ’ ಬೇಡ, ‘ಇಡಿ’ ಎಂದರೆ ಆಯಿತು. ಇರುವ ಪದ ಬಿಡಬಾರದು. ಇಲ್ಲದ್ದನ್ನು ಚೀಟಿ ಅಚ್ಚಾಗುವ ದಿನ ಹುಟ್ಟಿಸಲೂ ಬಾರದು.

ಕೋಲಾರದಿಂದ:
ಕಳಿಸಿಯಾಯಿತು. ಚೀಟಿ ಹೀಗಿದೆ:

‘ಇದು ಡೈ ಇಂಕಿನ ಫೋಟೋ. ಬೆಳಕಿಗೆ ಬಣ್ಣ ಹೋಗುತ್ತದೆ, ಪೆಟ್ಟಿಗೆಯಲ್ಲೇ ಇಡಿ. ತೇವವಾದರೆ ಬಣ್ಣ ಬಿಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಎರಡು ಫೋಟೋ ನಡುವೆ ಆಮ್ಲವಿಲ್ಲದ ಕಾಗದ ಇರಲಿ. ಪಿವಿಸಿ ಕವರ್ ಬೇಡ. ಹಿಂದೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ.’

ಇದೇ ಚೀಟಿ ತಮಿಳಿನಲ್ಲೂ ಬೇಕು. ಅದಕ್ಕೆ ಬೇರೆಯವರನ್ನು ಕೇಳುತ್ತೇನೆ. ‘ಚಿಮ್ಮುಮಸಿ’ ಹಾಕಲಿಲ್ಲ, ತುಮಕೂರಿನವರು ಬೇಜಾರು ಮಾಡಿಕೊಳ್ಳಬೇಡಿ.